ಉಪ್ಪಿನ ಕೈಗೆ ಕೊಟ್ಟ ಪೆಟ್ಟಿಗೆ

ನನ್ನ ಕೈ ಕಬ್ಬಿಣಕ್ಕೆ ಆಗಿಬರುವ ಕೈಯಲ್ಲ. ಇದನ್ನು ಮೊದಲು ಕಂಡುಹಿಡಿದವರು ಹಿಂದೂಪುರದ ನಮ್ಮ ಬೀದಿಯ ಮೇಸ್ತ್ರಿ. ನಮ್ಮದು ಅಜ್ಜನ ಕಾಲದ ಹುಣಸೆಹಣ್ಣಿನ ಮಂಡಿ. ಹಣ್ಣನ್ನು ಕೈಯಲ್ಲಿ ಹಿಸುಕಿ, ಬೀಜ ಎಷ್ಟು, ನಾರು ಎಷ್ಟು ಎಂದು ಹೇಳುವುದೇ ನಮ್ಮ ವಿದ್ಯೆ. ಹಾಗಾಗಿ ಬೆರಳ ಸಂದಿಯಲ್ಲಿ ಹುಳಿ, ಉಗುರಿನ ಬುಡದಲ್ಲಿ ಉಪ್ಪು ಯಾವಾಗಲೂ ಇದ್ದದ್ದೇ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ, ನೀವು ಬರಿಗೈಲಿ ಅನ್ನ ಕಲಸಿದರೂ ಪುಳಿಯೋಗರೆ ಆಗುತ್ತೆ ಎಂದು ಆಡಿಕೊಂಡಿದ್ದಳು. ನಾನೂ ನಕ್ಕಿದ್ದೆ. ಈ ಕೈ ಒಬ್ಬ ಮನುಷ್ಯನ ಬದುಕಿಗೇ ತುಕ್ಕು ಹಿಡಿಸೀತು ಎಂದು ಆಗ ಯಾರಿಗೆ ಗೊತ್ತಿತ್ತು?

ಮೇಸ್ತ್ರಿಯವರನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ನಾನೂ ಈಗ ಕರೆಯುವುದಿಲ್ಲ. ಯಾವುದೋ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರ್ ಆಗಿದ್ದವರು, ಅದು ಮುಚ್ಚಿದ ಮೇಲೆ ಮನೆಯ ಹಿತ್ತಲಲ್ಲಿ ಸಿಮೆಂಟ್ ಶೀಟು ಹೊದಿಸಿದ ಒಂದು ಕೋಣೆ ಮಾಡಿಕೊಂಡು ಕೂತರು. ಲೇತು ಇಲ್ಲ, ವೆಲ್ಡಿಂಗ್ ಇಲ್ಲ. ಅವರು ಮಾಡುತ್ತಿದ್ದುದು ಒಂದೇ ಕೆಲಸ, ಥ್ರೆಡ್ಡು, ಎಂದರೆ ಬೋಲ್ಟು ಕಚ್ಚಿ ಹಿಡಿಯುವ ಸುರುಳಿ ಗೆರೆ, ಸವೆದುಹೋದ ಜಾಗಕ್ಕೆ ಹೊಸ ಥ್ರೆಡ್ಡು ಹಾಕುವುದು. ಕಬ್ಬಿನ ಗಾಣ, ಕಡಲೆಕಾಯಿ ಬಿಡಿಸುವ ಮಿಷನ್ನು, ಸೀರೆ ನೇಯುವ ಮಗ್ಗ, ಆಸ್ಪತ್ರೆಯ ಮಂಚ, ಏನೇ ಇರಲಿ, ಬೋಲ್ಟು ಹಿಡಿಯದೆ ಸುಮ್ಮನೆ ಸುತ್ತುತ್ತಿದ್ದರೆ ಅದು ಅವರ ಹತ್ತಿರ ಬರುತ್ತಿತ್ತು. ರೊದ್ದಂ ಕಡೆಯವರು ಬಸ್ಸಿನ ಮೇಲೆ ಪಂಪಿನ ಭಾಗಗಳನ್ನು ಹೇರಿಕೊಂಡು ಬರುತ್ತಿದ್ದರು.

ಈ ಕೆಲಸಕ್ಕೆ ಬೇಕಾದ್ದು ಎರಡು ಬಗೆಯ ಸಾಮಾನು. ಒಂದು ಟ್ಯಾಪು. ನೀರಿನ ನಲ್ಲಿಯಲ್ಲ, ತೂತಿನೊಳಗೆ ತಿರುಗಿಸಿದರೆ ಒಳಗೋಡೆಗೆ ಥ್ರೆಡ್ಡು ಕೊರೆಯುವ ಉಕ್ಕಿನ ಕಡ್ಡಿ, ಮೈತುಂಬ ಹಲ್ಲು. ಇನ್ನೊಂದು ಡೈ, ಬೋಲ್ಟಿನ ಹೊರಮೈಗೆ ಥ್ರೆಡ್ಡು ಕೊಯ್ಯುವ ದಪ್ಪ ಬಿಲ್ಲೆ. ಅವರ ಬಳಿ ಮೂವತ್ತೆಂಟು ಟ್ಯಾಪು, ಹನ್ನೊಂದು ಡೈ ಇದ್ದವು. ಬಹಳಷ್ಟು ಹಳೆಯ ಇಂಚಿನ ಅಳತೆಯವು, ಈಗ ಅಂಗಡಿಯಲ್ಲಿ ಕೇಳಿದರೆ ನಮ್ಮ ಮುಖ ನೋಡುತ್ತಾರೆ. ಬೇವಿನ ಮರದ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದೊಂದು ಗುಳಿ. ಒಂದರ ಮೈ ಇನ್ನೊಂದಕ್ಕೆ ತಗಲಬಾರದು.

ನಾನು ಮೊದಲ ಸಲ ಹೋದದ್ದು ಮಂಡಿಯ ತಕ್ಕಡಿಯ ಬೋಲ್ಟು ಹಿಡಿದುಕೊಂಡು. ಅವರು ಬೋಲ್ಟು ನೋಡಲಿಲ್ಲ, ಕೈ ತೋರಿಸಿ ಅಂದರು. ಇವರು ಹಸ್ತಸಾಮುದ್ರಿಕವನ್ನೂ ಬಲ್ಲರೇನೋ ಎಂದು ಅಂಗೈ ಚಾಚಿದೆ. ಮೂಸಿ ನೋಡಿ, ಆಚೆ ಕೂತ್ಕಳಿ ಸಾವ್ಕಾರ್ರೆ, ಏನೂ ಮುಟ್ಟಬೇಡಿ ಅಂದರು. ನನಗೆ ರೇಗಿತು. ನಾನೇನು ಮೈಲಿಗೆಯವನೇ ಎಂದುಕೊಂಡು, ಅವರು ಒಳಗೆ ನೀರು ಕುಡಿಯಲು ಹೋದಾಗ ಬೇಕೆಂದೇ ಒಂದು ಟ್ಯಾಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಇಟ್ಟೆ. ಮೂರು ದಿನ ಬಿಟ್ಟು ಅವರೇ ಮಂಡಿಗೆ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ಆ ಟ್ಯಾಪನ್ನು ಬಿಚ್ಚಿ ಗಲ್ಲಾದ ಮೇಲಿಟ್ಟರು. ಅದರ ನುಣುಪು ಬುಡದ ಮೇಲೆ ನನ್ನ ಹೆಬ್ಬೆಟ್ಟು ಗೆರೆಗೆರೆಯಾಗಿ ಕಂದುಬಣ್ಣದ ತುಕ್ಕಿನಲ್ಲಿ ಮೂಡಿತ್ತು.

"ಇದ್ಯಾರ ಸೈನು ಸಾವ್ಕಾರ್ರೆ?" ಅಂದರು.

ನನ್ನ ಗುಮಾಸ್ತರೆಲ್ಲ ನೋಡುತ್ತಿದ್ದರು. ನಾನು ಹೆಬ್ಬೆಟ್ಟನ್ನು ಪಂಚೆಯಲ್ಲಿ ಒರೆಸಿಕೊಂಡೆ. ಅವರು ಬೈಯಲೂ ಇಲ್ಲ, ಒಂದು ಲೋಟ ಚಾ ಕುಡಿದು ಹೋದರು. ಅಲ್ಲಿಂದ ಶುರುವಾಯಿತು ನಮ್ಮ ಸ್ನೇಹ. ಹನ್ನೆರಡು ವರ್ಷ ನಡೆಯಿತು. ಸಂಜೆ ಮಂಡಿ ಮುಚ್ಚಿ ಅವರ ಹಿತ್ತಲಿಗೆ ಹೋಗಿ ಸ್ಟೂಲಿನ ಮೇಲೆ, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಅದು ಅವರೇ ಹಾಕಿದ ಕಾನೂನು.

ಸಂಜೆ ಅವರು ಮಾಡುತ್ತಿದ್ದುದನ್ನು ನೋಡುವುದೇ ಒಂದು ನೆಮ್ಮದಿ. ಅವತ್ತು ಬಳಸಿದ ಟ್ಯಾಪುಗಳ ಹಲ್ಲಿನ ಸಂದಿಯಿಂದ ಕಬ್ಬಿಣದ ಪುಡಿಯನ್ನು ಹಳೇ ಟೂತ್ ಬ್ರಷ್ಷಿನಲ್ಲಿ ತೆಗೆದು, ಸೀಮೆಎಣ್ಣೆಯಲ್ಲಿ ಆಡಿಸಿ, ಹಳೆಯ ಪಂಚೆಯ ಚೂರಿನಲ್ಲಿ ಒಣಗುವ ತನಕ ಒರೆಸಿ, ಆಮೇಲೆ ಹೊಲಿಗೆ ಮಿಷನ್ನಿನ ಎಣ್ಣೆ ಸವರುತ್ತಿದ್ದರು. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಕೂಡದು, ಅವು ದಿನ ಕಳೆದಂತೆ ಅಂಟಾಗುತ್ತವೆ. ಅಪರೂಪಕ್ಕೆ ಬೇಕಾಗುವ ಎರಡು ದೊಡ್ಡ ಟ್ಯಾಪುಗಳನ್ನು ಮಾತ್ರ ಕರಗಿಸಿದ ಮೇಣದಲ್ಲಿ ಅದ್ದಿ ಇಟ್ಟಿದ್ದರು. ಚಪ್ಪಲಿ ಡಬ್ಬಿಗಳಲ್ಲಿ ಸಿಗುತ್ತವಲ್ಲ, ತಿನ್ನಬೇಡಿ ಎಂದು ಬರೆದಿರುವ ಹರಳಿನ ಪೊಟ್ಟಣಗಳು, ಅವನ್ನು ಬೀದಿಯವರೆಲ್ಲ ಅವರಿಗಾಗಿ ಎತ್ತಿಡುತ್ತಿದ್ದೆವು. ತೇವ ಕುಡಿದ ಹರಳನ್ನು ಅವರು ಕಾವಲಿಯ ಮೇಲೆ ಹುರಿದು ಮತ್ತೆ ಪೆಟ್ಟಿಗೆಗೆ ಹಾಕುತ್ತಿದ್ದರು. ಅವರ ಹೆಂಡತಿ ಬದುಕಿದ್ದಾಗ, ನಮ್ಮ ಮನೆ ಕಾವಲಿ ದೋಸೆಗಿಂತ ಕಲ್ಲು ಹುರಿದದ್ದೇ ಜಾಸ್ತಿ ಎಂದು ಗೊಣಗುತ್ತಿದ್ದರು. ಶೀಟಿನ ಕೆಳಗೆ ಬೆಳಗಿನ ಜಾವ ನೀರಾಡುತ್ತದೆಂದು ಪೆಟ್ಟಿಗೆಯನ್ನು ದಿನಾ ಸಂಜೆ ಹೊತ್ತು ಮನೆಯೊಳಗೆ ತಂದು ದೇವರ ಗೂಡಿನ ಕೆಳಗೆ ಇಡುತ್ತಿದ್ದರು.

ಟ್ಯಾಪು ಹರಿತವಿದೆಯೋ ಇಲ್ಲವೋ ಎಂದು ಅವರು ಕಣ್ಣಿನಿಂದ ನೋಡಿದ್ದನ್ನು ನಾನು ಕಾಣೆ. ಕಣ್ಣು ಮುಚ್ಚಿ, ಅದರ ಹಲ್ಲನ್ನು ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಹರಿತವಾದದ್ದು ಉಗುರನ್ನು ಕಚ್ಚಿ ಬಿಳಿ ಪುಡಿ ಎಬ್ಬಿಸುತ್ತದೆ. ಸತ್ತದ್ದು ಜಾರುತ್ತದೆ. ಕಣ್ಣಿಗೆ ಮಿರಿಮಿರಿ ಅನ್ನೋದೆಲ್ಲ ಕೊಯ್ಯಾಕಿಲ್ಲ, ಬೆರಳು ಸುಳ್ಳು ಹೇಳಾಕಿಲ್ಲ ಅನ್ನುವರು. ಅವರ ಆ ಉಗುರು ಸದಾ ಗೀರು ಗೀರಾಗಿರುತ್ತಿತ್ತು.

ಒಮ್ಮೆ ರೊದ್ದಂ ಕಡೆಯ ರೈತರೊಬ್ಬರು ಪಂಪಿನ ಬಾಡಿ ತಂದಿದ್ದರು. ಅವಸರ. ಮೇಸ್ತ್ರಿ ಮನೆಯಲ್ಲಿ ಇರಲಿಲ್ಲ, ಅವರ ಹೆಂಡತಿ ಪಾಪ, ಆ ಮನುಷ್ಯ ಕಾಡಿದನೆಂದು ಮೇಜಿನ ಮೇಲಿದ್ದ ಒಂದು ಟ್ಯಾಪು ಕೊಟ್ಟುಬಿಟ್ಟರು. ಅದು ಹಲ್ಲು ಹೋಗಿದ್ದ ಟ್ಯಾಪು. ಅರ್ಧಕ್ಕೆ ಹೋಗಿ ಒಳಗೇ ಮುರಿಯಿತು. ಒಳಗೆ ಮುರಿದ ಟ್ಯಾಪನ್ನು ತೆಗೆಯುವುದು ದೇವರಿಗೂ ಕಷ್ಟ. ಆ ಬಾಡಿ ಗುಜರಿಗೆ ಹೋಯಿತು. ಮೇಸ್ತ್ರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹೆಂಡತಿಯ ಕೆಂಪು ಉಗುರುಬಣ್ಣದ ಶೀಷೆ ತಂದು, ಇನ್ನು ಮೇಲೆ ಸತ್ತ ಟ್ಯಾಪಿನ ಬುಡಕ್ಕೆ ಒಂದು ಚುಕ್ಕೆ ಎಂದು ನಿಯಮ ಮಾಡಿದರು. ಕೆಂಪು ಚುಕ್ಕೆ ಇದ್ದದ್ದನ್ನು ಯಾರೂ ಮುಟ್ಟಬಾರದು, ಎಸೆಯಲೂಬಾರದು, ಸಾಣೆ ಹಿಡಿದು ಬೇರೆ ಏನಾದರೂ ಮಾಡಿಕೊಳ್ಳಬಹುದು. ಹೆಂಡತಿ ತೀರಿಹೋದ ಮೇಲೂ ವರ್ಷಕ್ಕೊಂದು ಶೀಷೆ ಬಳೆ ಅಂಗಡಿಯಲ್ಲಿ ಕೊಳ್ಳುತ್ತಿದ್ದರು. ಅಂಗಡಿಯ ಹೆಂಗಸು, ಯಾರಿಗೆ ಮೇಸ್ತ್ರಿ ಎಂದು ಛೇಡಿಸಿದರೆ, ಹಲ್ಲು ಹೋದ ಮುದುಕೀರಿಗೆ ಕಣಮ್ಮ ಅನ್ನುತ್ತಿದ್ದರು.

ಆಯುಧ ಪೂಜೆಯ ದಿನ ಬೀದಿಯಲ್ಲಿ ಎಲ್ಲರ ಕಬ್ಬಿಣಕ್ಕೂ ಅರಿಶಿನ ಕುಂಕುಮ ಬೀಳುತ್ತಿತ್ತು. ನಮ್ಮ ತಕ್ಕಡಿ ಅವತ್ತು ಮದುಮಗಳೇ ಸರಿ. ಮೇಸ್ತ್ರಿ ಮಾತ್ರ ಪೆಟ್ಟಿಗೆ ತೆರೆದಿಟ್ಟು, ಎಲ್ಲಕ್ಕೂ ಹೊಸದಾಗಿ ಎಣ್ಣೆ ಸವರಿ, ಊದುಬತ್ತಿ ಬೆಳಗಿ ಮುಚ್ಚುತ್ತಿದ್ದರು. ಒಂದು ಹನಿ ನೀರು, ಒಂದು ಚಿಟಿಕೆ ಕುಂಕುಮ ತಾಕಿಸುತ್ತಿರಲಿಲ್ಲ. ಕುಂಕುಮ ದೇವರಿಗೆ, ಕಬ್ಬಿಣಕ್ಕೆ ಎಣ್ಣೆ ಎನ್ನುವುದು ಅವರ ಮಾತು. ಪಕ್ಕದ ಮನೆಯ ಅಜ್ಜಿ, ನಾಸ್ತಿಕ ಎಂದು ಮೂಗು ಮುರಿದರೆ, ಅಜ್ಜಿಯ ಹೊಲಿಗೆ ಮಿಷನ್ನಿಗೇ ಹೋಗಿ ಎಣ್ಣೆ ಬಿಟ್ಟು ಬರುತ್ತಿದ್ದರು.

ಇನ್ನೊಂದು ಹೇಳಬೇಕು. ಟ್ಯಾಪನ್ನು ಒಂದೇ ಸಮ ಮುಂದಕ್ಕೆ ತಿರುಗಿಸಬಾರದು. ಒಂದು ಸುತ್ತು ಮುಂದೆ, ಅರ್ಧ ಸುತ್ತು ಹಿಂದೆ. ಹಿಂದೆ ಬಂದಾಗ ಒಳಗಿನ ಚೂರು ಕಡಿದು ಬೀಳುತ್ತದೆ. ಮಂಡಿಯ ಪಾಲಿನ ಜಗಳದಲ್ಲಿ ನಾನೂ ನನ್ನ ತಮ್ಮನೂ ಮಾತು ಬಿಟ್ಟಿದ್ದಾಗ ಮೇಸ್ತ್ರಿ ನನಗೆ ಹೇಳಿದ್ದು ಅದನ್ನೇ, ಅರ್ಧ ಸುತ್ತು ಹಿಂದಕ್ಕೆ ಬನ್ನಿ ಸಾವ್ಕಾರ್ರೆ, ಇಲ್ಲಾಂದ್ರೆ ಮುರೀತದೆ. ನಾನು ಬಂದೆ. ಇವತ್ತೂ ತಮ್ಮನ ಮನೆಯಲ್ಲಿ ಹಬ್ಬದೂಟ ಮಾಡುತ್ತೇನೆಂದರೆ ಅದು ಅವರಿಂದ.

ಅಂಥವರಿಗೆ ಶಿವರಾತ್ರಿ ಕಳೆದ ವಾರ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಅರ್ಧ ಮಾತು. ಆಸ್ಪತ್ರೆಯಿಂದ ಬಿಟ್ಟಾಗ ಕಲ್ಯಾಣದುರ್ಗದಿಂದ ಅವರ ತಂಗಿ ಬಂದು, ಮಕ್ಕಳಿಲ್ಲದ ಅಣ್ಣನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದು ಕಾರು ಮಾಡಿದರು. ಹೊರಡುವ ಮುಂಚೆ ಮೇಸ್ತ್ರಿ ನನ್ನನ್ನು ಕರೆಸಿ, ಎಡಗೈಯಿಂದ ಪೆಟ್ಟಿಗೆ ತೋರಿಸಿದರು. ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದು ಹೇಳಿದ್ದು ಇಷ್ಟು: ದೇವರ ಮನೆಯಲ್ಲಿ ಇಡಬೇಕು, ತಿಂಗಳಿಗೊಮ್ಮೆ ಬಿಸಿಲು ತೋರಿಸಿ ಎಣ್ಣೆ ಹಾಕಬೇಕು, ಬಟ್ಟೆಯಲ್ಲಿ ಹಿಡಿಯಬೇಕು, ಹರಳು ಹುರಿಯಬೇಕು.

"ನನ್ನ ಕೈಗೆ ಯಾಕೆ ಕೊಡ್ತೀರಿ ಮೇಸ್ತ್ರಿ, ಇದು ಉಪ್ಪಿನ ಕೈ" ಅಂದೆ.

"ಗೊತ್ತಿರೋ ಕೈ ಅಲ್ವಾ," ಅಂದರು. "ಕೈ ಬಂದ್ರೆ ಬತ್ತೀನಿ. ಇವು ಇದ್ರೆ ಕೈ ಬತ್ತದೆ."

ಅವರ ಕಣ್ಣಲ್ಲಿ ನೀರಿತ್ತು. ಹನ್ನೆರಡು ವರ್ಷದಲ್ಲಿ ನಾನು ಅದನ್ನು ಕಂಡದ್ದು ಅವತ್ತೇ. ನಾನು ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಹಿಡಿದು ಮನೆಗೆ ತಂದೆ. ದೇವರ ಮನೆಯಲ್ಲೇ ಇಟ್ಟೆ. ಒಂದು ತಿಂಗಳು ಹೇಳಿದ ಹಾಗೆ ಮಾಡಿದೆ ಕೂಡ.

ಆಮೇಲೆ ಹುಣಸೆಯ ಸುಗ್ಗಿ ಬಂತು. ನಮಗೆ ಯುಗಾದಿಯಿಂದ ಎರಡು ತಿಂಗಳು ಉಸಿರಾಡಲು ಪುರುಸೊತ್ತಿಲ್ಲ. ಅದರ ಮಧ್ಯೆ ಮಗಳು ಬಾಣಂತನಕ್ಕೆ ಬಂದಳು, ಮನೆಗೆ ಸುಣ್ಣ ಬಳಿಸಬೇಕಾಯಿತು, ದೇವರ ಮನೆಯನ್ನೂ ಖಾಲಿ ಮಾಡಿದರು. ನಾಲ್ಕು ದಿನದ ಮಟ್ಟಿಗೆ ಎಂದು ಪೆಟ್ಟಿಗೆಯನ್ನು ಮಂಡಿಯ ಹಿಂದಿನ ಕೋಣೆಯಲ್ಲಿ ಇಡಿಸಿದೆ. ಹುಣಸೆಹಣ್ಣಿಗೆ ಒಂದು ಹನಿ ನೀರು ಬಿದ್ದರೂ ಬೂಷ್ಟು ಬರುತ್ತದೆಂದು ಆ ಕೋಣೆಗೆ ನಾವು ಒದ್ದೆ ಕಾಲಿನಲ್ಲಿ ಸಹ ಹೋಗುವುದಿಲ್ಲ. ಊರಿಗೆಲ್ಲ ಒಣ ಜಾಗ ಅದೇ ಎಂದು ನನ್ನ ನಂಬಿಕೆ, ನಮ್ಮಪ್ಪನ ನಂಬಿಕೆ, ಅಜ್ಜನ ನಂಬಿಕೆ. ನಾಲ್ಕು ದಿನ ಆರು ತಿಂಗಳಾಯಿತು.

ಆ ಕೋಣೆಯಲ್ಲಿ ಏನಿತ್ತು ಎಂದು ನಾನು ಯೋಚಿಸಲೇ ಇಲ್ಲ. ವರ್ಷಕ್ಕೆ ಬೇಕಾದ ಮನೆಯ ಹುಣಸೆಹಣ್ಣು, ಹುಳು ಹಿಡಿಯದಿರಲೆಂದು ಸೇರುಗಟ್ಟಲೆ ಕಲ್ಲುಪ್ಪು ಬೆರೆಸಿ ಗುಡಾಣಗಳಲ್ಲಿ ತುಂಬಿಟ್ಟಿದ್ದೆವು. ಪೆಟ್ಟಿಗೆ ಇದ್ದದ್ದು ಆ ಗುಡಾಣಗಳ ಮಧ್ಯೆ. ಮಳೆಗಾಲದಲ್ಲಿ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಬೆವರುತ್ತದೆ. ಇದು ಅಡುಗೆ ಮಾಡುವ ಯಾವ ಹೆಂಗಸಿಗಾದರೂ ಗೊತ್ತು. ಹುಣಸೆ ವ್ಯಾಪಾರದವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೆನಪು ಬರಲಿಲ್ಲ. ಪೆಟ್ಟಿಗೆಯೇ ನೆನಪಿಗೆ ಬರಲಿಲ್ಲ ಎನ್ನುವುದು ನಿಜ, ಅದನ್ನು ಹೇಳಿಬಿಡುತ್ತೇನೆ.

ನವರಾತ್ರಿಗೆ ಹತ್ತು ದಿನ ಇದೆ ಅನ್ನುವಾಗ ಕಲ್ಯಾಣದುರ್ಗದಿಂದ ಫೋನು. ಮಾತು ತಕ್ಕಮಟ್ಟಿಗೆ ತಿರುಗಿತ್ತು. ಡಾಕ್ಟರು ರಬ್ಬರ್ ಚೆಂಡು ಕೊಟ್ಟಿದ್ದಾರಂತೆ, ಅದನ್ನು ಹಿಸುಕಿ ಹಿಸುಕಿ ಬೆರಳು ಮಡಚಲು ಬರುತ್ತಿದೆಯಂತೆ. ಆಯುಧ ಪೂಜೆಗೆ ಪೆಟ್ಟಿಗೆ ತರಬೇಕು. ಟ್ಯಾಪು ಹಿಡಿದು ನೋಡಬೇಕು. ಚೆಂಡು ಹಿಡಿಯೋಕೆ ನಾನೇನು ಕೂಸಾ ಸಾವ್ಕಾರ್ರೆ ಎಂದು ನಕ್ಕರು. ಸಂಕ್ರಾಂತಿಗೆ ಹಿಂದೂಪುರಕ್ಕೆ ಬತ್ತೀನಿ, ಶೀಟಿನ ಕೋಣೆ ಗುಡಿಸಿಸಿಡಿ ಅಂದರು. ನಾನು ಹೂಂಗುಟ್ಟುತ್ತಾ ಆಗಲೇ ಹಿಂದಿನ ಕೋಣೆಯ ಕಡೆ ನಡೆಯುತ್ತಿದ್ದೆ.

ಪೆಟ್ಟಿಗೆಯ ಚಿಲಕವೇ ತೆರೆಯಲಿಲ್ಲ. ಸುತ್ತಿಗೆಯಲ್ಲಿ ಬಡಿದು ತೆರೆದೆ. ಒಳಗೆ ಗುಳಿಗುಳಿಯಲ್ಲೂ ಕೆಂಪು. ಟ್ಯಾಪಿನ ಹಲ್ಲುಗಳ ಮೇಲೆ ತುಕ್ಕು ಉಬ್ಬಿ ನಿಂತಿತ್ತು, ಡೈಗಳು ತಮ್ಮ ಗುಳಿಗೇ ಕಚ್ಚಿಕೊಂಡಿದ್ದವು. ಮೇಣದಲ್ಲಿ ಅದ್ದಿಟ್ಟಿದ್ದ ಎರಡು ಮಾತ್ರ ಇದ್ದ ಹಾಗೇ ಇದ್ದವು. ನಾನು ನೆಲದ ಮೇಲೆ ಕೂತುಬಿಟ್ಟೆ. ಹೊರಗೆ ಹಮಾಲರು ಮೂಟೆ ಇಳಿಸುತ್ತಾ ನನ್ನನ್ನು ಕೂಗುತ್ತಿದ್ದರು, ನಾನು ಒಂದೊಂದೇ ಟ್ಯಾಪನ್ನು ಗುಳಿಯಿಂದ ಕೀಳುತ್ತಿದ್ದೆ.

ಆ ಹತ್ತು ದಿನ ನಾನು ಮಾಡದ ಕಸುಬಿಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದೆ, ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಮೇಲಿನದು ಹೋಯಿತು, ಹಲ್ಲಿನ ಸಂದಿಯದು ಹೋಗಲಿಲ್ಲ. ಆಗ ನನಗೆ ಹೊಳೆಯಿತು, ಹಿತ್ತಾಳೆ ದೀಪ ಮಿರುಗುವುದು ಹುಣಸೆಹಣ್ಣಿನಿಂದ ತಾನೇ! ಕಬ್ಬಿಣದ ತುಕ್ಕೂ ಹುಳಿಗೆ ಬಿಡುತ್ತದೆ ಎಂದು ಯಾರೋ ಹೇಳಿದ್ದೂ ನೆನಪಾಯಿತು. ಅಪ್ಪನಾಣೆ, ದೇವರೇ ದಾರಿ ತೋರಿಸಿದ ಎಂದುಕೊಂಡೆ. ಇದ್ದುದರಲ್ಲಿ ಒಳ್ಳೆಯ ಹಣ್ಣು ಆರಿಸಿ, ಗಟ್ಟಿಯಾಗಿ ಕಿವುಚಿ, ಎರಡು ಬಕೆಟ್ಟು ರಸ ಮಾಡಿ, ತುಕ್ಕು ಹಿಡಿದ ಅಷ್ಟನ್ನೂ ಅದರಲ್ಲಿ ಮುಳುಗಿಸಿದೆ. ಒಂದು ಗಂಟೆ ಸಾಕಾಗಿತ್ತೇನೋ. ನಾನು ಎರಡು ದಿನ ಬಿಟ್ಟೆ, ಒಂದೂ ಚುಕ್ಕೆ ಉಳಿಯಬಾರದೆಂದು.

ತೆಗೆದಾಗ ತುಕ್ಕು ಇರಲಿಲ್ಲ. ನಿಜಕ್ಕೂ ಇರಲಿಲ್ಲ. ಕಪ್ಪಗೆ, ನುಣ್ಣಗೆ, ಹೊಸ ಸಾಮಾನಿನ ಹಾಗೆ ಇದ್ದವು. ನಾನು ಕುಣಿಯುವುದೊಂದು ಬಾಕಿ. ಬಟ್ಟೆಯಲ್ಲಿ ಸುತ್ತಿಕೊಂಡು ಪೇಟೆಯ ಲೇತಿನ ಅಂಗಡಿಯವನ ಹತ್ತಿರ ಓಡಿದೆ. ಅವನು ಒಂದನ್ನು ತೆಗೆದು ಉಗುರಿನ ಮೇಲೆ ಎಳೆದ. ಇನ್ನೊಂದನ್ನು ಎಳೆದ. ಏಳೆಂಟು ನೋಡಿ ಕೆಳಗಿಟ್ಟ.

"ಪೋಯಿಂದಿ ಸಾವ್ಕಾರೂ, ಎಲ್ಲಾ ಹೋಯ್ತು," ಅಂದ. "ತುಕ್ಕು ಅರ್ಧ ತಿಂದಿತ್ತು, ಉಳಿದಿದ್ದು ಹುಳಿ ತಿಂದೈತೆ. ಹಲ್ಲಿಗೆ ಅಂಚೇ ಇಲ್ಲ. ಇದನ್ನ ಹಾಕಿದ್ರೆ ಒಳಗೇ ಮುರೀತದೆ."

ಹೊಸದು ಸಿಗುತ್ತದೆಯೇ ಎಂದೆ. ಆ ಅಳತೆ ಈಗ ಯಾರೂ ಮಾಡುವುದಿಲ್ಲ ಎಂದ. ಆದರೂ ನಾನು ಹುಡುಕಿದೆ. ಗುಜರಿ ಅಂಗಡಿಗಳಲ್ಲಿ ಬೆಳಗಿಂದ ಸಂಜೆ ತನಕ ಕುಕ್ಕರುಗಾಲಲ್ಲಿ ಕೂತು ಕಬ್ಬಿಣದ ರಾಶಿ ಕೆದಕಿದೆ. ಊರಿನ ಮರ್ಯಾದಸ್ಥ ಮಂಡಿಯವನು ಗುಜರಿ ಕೆದಕುತ್ತಿದ್ದಾನೆಂದು ಜನ ನಿಂತು ನೋಡಿದರು. ನಾಲ್ಕು ಟ್ಯಾಪು ಸಿಕ್ಕವು, ನಾಲ್ಕೂ ಸತ್ತವೇ. ಹೆಂಡತಿ, ಹೋಗಿ ನಿಜ ಹೇಳಿಬಿಡಿ, ಅವರು ದೊಡ್ಡ ಮನುಷ್ಯರು ಅಂದಳು. ಅವಳಿಗೇನು ಗೊತ್ತು! ಇವು ಇದ್ರೆ ಕೈ ಬತ್ತದೆ ಎಂದದ್ದನ್ನು ಕೇಳಿದವನು ನಾನು. ಹೇಳದಿದ್ದರೆ ಮೋಸ, ಹೇಳಿದರೆ ಕೊಲೆ. ಮೂರನೆಯದು ಇದೆಯೇ ಎಂದು ಹತ್ತು ದಿನ ಯೋಚಿಸಿದೆ, ಇರಲಿಲ್ಲ.

ಎಲ್ಲಕ್ಕೂ ಹೊಲಿಗೆ ಮಿಷನ್ನಿನ ಎಣ್ಣೆ ಸವರಿ, ಗುಳಿಗಳಲ್ಲಿ ಜೋಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಕಲಿತುಕೊಂಡೆ. ಮೊದಲು ಕಾಲಿಗೆ ಬೀಳುವುದು, ಆಮೇಲೆ ಹೇಳುವುದು.

ತಂಗಿಯ ಮನೆ ಬಸ್‌ಸ್ಟ್ಯಾಂಡಿನ ಹಿಂದೆಯೇ. ಮೇಸ್ತ್ರಿ ಪಡಸಾಲೆಯಲ್ಲಿ ಕುರ್ಚಿಯ ಮೇಲೆ, ಒಗೆದ ಅಂಗಿ ಹಾಕಿ, ಮುಖ ಕ್ಷೌರ ಮಾಡಿಸಿಕೊಂಡು ಕೂತಿದ್ದರು. ಅರ್ಧ ಇಳಿದುಹೋಗಿದ್ದರು. ನನ್ನನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡಿದರು. ತಂಗಿಯನ್ನು ಚಾ ಮಾಡಲು ಒಳಗೆ ಕಳಿಸಿದರು. ನಾನು ಪೆಟ್ಟಿಗೆ ತೆರೆದೆ, ಬಾಯಿ ತೆರೆಯಲಿಲ್ಲ.

ಎಡಗೈಯಿಂದ ಒಂದು ಟ್ಯಾಪು ತೆಗೆದು ಬಲಗೈಗೆ ಕೊಟ್ಟರು. ಆ ಬೆರಳುಗಳು ನಿಧಾನವಾಗಿ ಅದರ ಸುತ್ತ ಮಡಚಿಕೊಂಡವು. ಕಣ್ಣು ಮುಚ್ಚಿ ಹೆಬ್ಬೆರಳಿನ ಉಗುರಿನ ಮೇಲೆ ಎಳೆದರು. ಇನ್ನೊಂದು ತೆಗೆದು ಎಳೆದರು. ಹಾಗೆ ಆರು ನೋಡಿದರು. ನಾನು ಬೈಗುಳಕ್ಕೆ ತಲೆ ತಗ್ಗಿಸಿ ನಿಂತಿದ್ದೆ. ಬೈದರೆ ಸಾಕು, ಹೊಡೆದರೂ ಸಾಕು ಎಂದಿತ್ತು.

"ಸಂದಾಕಿ ಇಟ್ಕಂಡಿದ್ದೀಯ ಕಣಪ್ಪ," ಅಂದರು.

ನನಗೆ ಅರ್ಥವಾಗಲಿಲ್ಲ. ಮತ್ತೆ ಅದನ್ನೇ ಅಂದರು, ಪೆಟ್ಟಿಗೆ ಮುಚ್ಚಿದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ಸಾವ್ಕಾರ್ರೆ ಎನ್ನಲಿಲ್ಲ, ಮನೆಯ ಮಗನನ್ನು ಕರೆಯುವ ಹಾಗೆ ಕರೆದರು. ತಂಗಿ ಚಾ ತಂದರು. ಮೇಸ್ತ್ರಿ ನನ್ನ ಮಗಳ ಕೂಸಿನ ಬಗ್ಗೆ ಕೇಳಿದರು. ತಮ್ಮನ ಜೊತೆ ಚೆನ್ನಾಗಿದ್ದೀಯಾ ಎಂದು ಕೇಳಿದರು. ಶೀಟಿನ ಸುದ್ದಿ ಎತ್ತಲಿಲ್ಲ, ಸಂಕ್ರಾಂತಿಯ ಸುದ್ದಿಯನ್ನೂ ಎತ್ತಲಿಲ್ಲ.

ಬಸ್ಸು ಕಂಬದೂರು ದಾಟುವ ತನಕ ನನಗೆ ಬದುಕಿದೆಯಾ ಬಡಜೀವವೇ ಅನ್ನಿಸಿತ್ತು. ಆಮೇಲೆ ಹೊಳೆಯಿತು. ಸತ್ತ ಟ್ಯಾಪು ಉಗುರಿನ ಮೇಲೆ ಜಾರಿದ್ದು ಅವರಿಗೆ ತಿಳಿಯಲಿಲ್ಲ ಎಂದರೆ ಬೆರಳಿನಲ್ಲಿ ಸ್ಪರ್ಶವೇ ಇಲ್ಲ ಎಂದರ್ಥ. ಬೆರಳು ಮಡಚುತ್ತದೆ, ಅಷ್ಟೇ. ಸುಳ್ಳು ಹೇಳದ ಬೆರಳು ಸುಳ್ಳು ಹೇಳಿತ್ತು. ಪಾಪ, ಆ ಕೈ ಇನ್ನು ಬರುವುದಿಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತೆ. ಆದರೆ ಆ ಅಳುವಿನೊಳಗೆ ಒಂದು ಹಗುರವೂ ಇತ್ತು, ಅದನ್ನು ಬಚ್ಚಿಡುವುದಿಲ್ಲ. ಕೈಯೇ ಹೋಗಿದ್ದರೆ ಟ್ಯಾಪು ಹೋದದ್ದರಿಂದ ಅವರಿಗೇನೂ ನಷ್ಟವಿಲ್ಲವಲ್ಲ, ನನ್ನ ಪಾಪ ಅಷ್ಟು ದೊಡ್ಡದಲ್ಲವಲ್ಲ ಎಂದು ಒಳಗೊಬ್ಬ ವ್ಯಾಪಾರಿ ಹೇಳುತ್ತಿದ್ದ. ದೀಪಾವಳಿಗೆ ಹೋಗಿ ನಿಜ ಹೇಳಬೇಕೆಂದುಕೊಂಡೆ. ಹೋಗಲಿಲ್ಲ.

ಕಾರ್ತಿಕ ಮುಗಿಯುವ ಮೊದಲು ಅವರಿಗೆ ಎರಡನೇ ಸಲ ಲಕ್ವ ಹೊಡೆಯಿತು, ಉಳಿಯಲಿಲ್ಲ. ಮಣ್ಣಿಗೆ ನಾನು ಹೋಗಿದ್ದೆ. ಹದಿನೈದು ದಿನ ಬಿಟ್ಟು ಹಿಂದೂಪುರದ ಮನೆ ಖಾಲಿ ಮಾಡಲು ತಂಗಿ ಬಂದಾಗ ಪೆಟ್ಟಿಗೆಯನ್ನು ನಮ್ಮ ಮನೆಗೆ ತಂದರು. ಸಾವ್ಕಾರ್ರಿಗೇ ಕೊಡಬೇಕು ಎಂದು ಅಣ್ಣ ಹೇಳಿದ್ದರಂತೆ.

ಅವರ ಎದುರಿಗೇ ತೆರೆದೆ. ಎಲ್ಲ ಟ್ಯಾಪುಗಳೂ ಒರೆಸಿ, ಎಣ್ಣೆ ಹಾಕಿ, ತಂತಮ್ಮ ಗುಳಿಯಲ್ಲಿದ್ದವು. ಒಂದೊಂದರ ಬುಡದ ಮೇಲೂ ಒಂದೊಂದು ಕೆಂಪು ಬೊಟ್ಟು. ಆಯುಧ ಪೂಜೆಗೆ ಕುಂಕುಮ ಇಟ್ಟಿದ್ದಾರೆ ಎಂದುಕೊಂಡೆ. ಮೇಸ್ತ್ರಿ ಕುಂಕುಮ ಇಟ್ಟರೇ ಎಂದು ಆಶ್ಚರ್ಯವಾಗಿ ಉಗುರಿನಿಂದ ಕೆರೆದೆ. ಅದು ಬರಲಿಲ್ಲ.

"ನೀವು ಬಂದು ಹೋದ ಮಾರ್ನೇ ದಿನ ಉಗುರುಬಣ್ಣ ತರಿಸ್ಕಂಡ," ಅಂದರು ತಂಗಿ. "ಈ ವಯಸ್ಸಲ್ಲಿ ಯಾಕಣ್ಣಾ ಅಂತ ನಗಾಡಿದೆ. ನಾನಿಡ್ತೀನಿ ಕೊಡು ಅಂದ್ರೂ ಕೊಡಲಿಲ್ಲ. ಎರಡು ದಿನ ಕೂತು ತಾನೇ ಇಟ್ಟ, ಬಲಗೈಲೇ. ಅಷ್ಟೊತ್ತಿಗೆ ಕೈ ಪೂರಾ ಬಂದಿತ್ತಲ್ಲಣ್ಣ. ಬೆಂಕಿಕಡ್ಡಿ ಗೀರೋನು, ಸೂಜಿಗೆ ದಾರ ಪೋಣಿಸಿ ಕೊಡೋನು."

ನಾನು ಬೊಟ್ಟುಗಳನ್ನು ನೋಡಿದೆ. ಒಂದೂ ಸೊಟ್ಟಗಿರಲಿಲ್ಲ. ಎಲ್ಲವೂ ತೊಗರಿಕಾಳಿನಷ್ಟು, ದುಂಡಗೆ. ಡೈಗಳ ಮೇಲೂ ಇದ್ದವು. ಮೇಣದ ಎರಡು ಟ್ಯಾಪಿಗೆ ಮಾತ್ರ ಇರಲಿಲ್ಲ.

ತಂಗಿ ಊಟಕ್ಕೆ ನಿಲ್ಲದೆ ಬಸ್ಸಿಗೆ ಹೋದರು. ನಾನು ಕೈ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಆ ಎರಡನ್ನು ತೆಗೆದು ಎಣ್ಣೆ ಹಾಕಿದೆ. ಈಗ ಪ್ರತಿ ಸೋಮವಾರ ಹಾಕುತ್ತೇನೆ. ಒಂದು ಸೋಮವಾರವೂ ತಪ್ಪಿಸಿಲ್ಲ.